ಪರ-ವಿರೋಧ: ಹೊಸ ತಂತ್ರಜ್ಞಾನ ನಮ್ಮ ಮೌಲ್ಯಗಳನ್ನು ಬದಲಿಸುತ್ತಿದೆಯೇ?

ಪರ: ಹೌದು, ನಮ್ಮನ್ನು ಕೇಳದೆಯೇ

ಸೋನಿ ಕಂಪನಿ 1979ರಲ್ಲಿ ಬಿಟ್ಟ ಮೊದಲ ವಾಕ್‌ಮನ್‌ಗೆ, ಅಂದರೆ ಜೊತೆಗೊಯ್ದು ಹಾಡು ಕೇಳುವ ಪುಟ್ಟ ಕ್ಯಾಸೆಟ್ ಯಂತ್ರಕ್ಕೆ, ಇಬ್ಬರು ಹೆಡ್‌ಫೋನ್ ಸಿಕ್ಕಿಸಬಹುದಿತ್ತು. ಕಿತ್ತಳೆ ಬಣ್ಣದ ಗುಂಡಿಯೊಂದಿತ್ತು. ಒತ್ತಿದರೆ ಹಾಡು ತಗ್ಗಿ, ಪಕ್ಕದವರ ಮಾತು ಮೈಕಿನಿಂದ ಕೇಳುತ್ತಿತ್ತು. ಜೊತೆಗೆ ಜನ ಇರುವಾಗ ಒಬ್ಬರೇ ಹಾಡು ಕೇಳುವುದು ಮರ್ಯಾದೆಯಲ್ಲ ಅನ್ನೋದು ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಅಕಿಯೊ ಮೊರಿಟಾ ಅವರ ಕಾಳಜಿ. ಜನ ಒಬ್ಬೊಬ್ಬರೇ ಕೇಳಿದರು. ಗುಂಡಿ ಮುಂದೆ ಮಾಯವಾಯಿತು. ಇವತ್ತು ಮನೆಮಂದಿಯ ನಡುವೆ ಕಿವಿ ಮುಚ್ಚಿಕೊಂಡು ಕೂತರೂ ಯಾರಿಗೂ ಏನೂ ಅನ್ನಿಸುವುದಿಲ್ಲ.

ನನ್ನ ಗೆಳತಿಯ ತಂದೆ ತೀರಿಕೊಂಡಾಗ ರಾತ್ರಿ ಸಂದೇಶ ಬಂತು. ಚಿಕ್ಕಂದಿನಲ್ಲಿ ನನಗೆ ಲೆಕ್ಕ ಹೇಳಿಕೊಟ್ಟವರು ಅವರು. ಕೈಮುಗಿಯುವ ಎಮೋಜಿ ಹಾಕಿ ಮುಗಿಸಲು ಮನಸ್ಸಾಗಲಿಲ್ಲ. ಎರಡು ಸಾಲು ಬರೆದೆ, ಅಳಿಸಿದೆ. ಮತ್ತೆ ಬರೆದೆ, ಅದೂ ಸರಿ ಕಾಣಲಿಲ್ಲ. ಬೆಳಿಗ್ಗೆ ಫೋನ್ ಮಾಡಿದರೆ ಅವಳ ಮೊದಲ ಮಾತು: "ರಾತ್ರೀನೇ ನೋಡಿದ್ದೆ ಅಲ್ವಾ? ನೀಲಿ ಟಿಕ್ ಬಂದಿತ್ತು." ಆ ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. ಕಾಗದ ಬರೆಯುತ್ತಿದ್ದ ಕಾಲದಲ್ಲಿ ಯೋಚಿಸಿ ಬರೆಯುವುದೇ ಗೌರವ. ಈಗ ತಡವೇ ಅಗೌರವ. ಅವಳದ್ದೂ ತಪ್ಪಲ್ಲ, ನನ್ನದೂ ಅಲ್ಲ. ಯಾವುದು ಪ್ರೀತಿ, ಯಾವುದು ಅಸಡ್ಡೆ ಎಂಬ ಅಳತೆಯೇ ಬದಲಾಗಿತ್ತು. ಬದಲಿಸೋಣವೇ ಅಂತ ನಮ್ಮಿಬ್ಬರನ್ನು ಯಾರೂ ಕೇಳಿರಲಿಲ್ಲ.

"ಎಲ್ಲಾ ನಮ್ಮ ಕೈಯಲ್ಲೇ ಇದೆ, ಬೇಡವಾದರೆ ಫೋನ್ ಎತ್ತಿಡಿ" ಎನ್ನುವವರಿದ್ದಾರೆ. ಸಾವಿನ ಸುದ್ದಿ ಬರುವುದೇ ಫೋನಿನಲ್ಲಿ. ಎಲ್ಲಿ ಎತ್ತಿಡೋದು?

ವಿರೋಧ: ಕಡಿವಾಣ ನಮ್ಮದೇ

ಬದಲಾವಣೆಯೇ ಇಲ್ಲ ಅಂತ ನಾನು ವಾದಿಸಲಾರೆ. ಆದರೆ ವಾಕ್‌ಮನ್‌ಗೆ ಆ ಗುಂಡಿ ಇಡಿಸಿದ್ದೂ ಒಂದು ಮೌಲ್ಯವೇ. ನೀಲಿ ಟಿಕ್ ಬೇಡ ಎನ್ನುವವರಿಗೆ ಅದನ್ನು ಆಫ್ ಮಾಡುವ ದಾರಿ ಇದೆ.

ಜಪಾನಿನಲ್ಲಿ ಮಾರುವ ಬಹುತೇಕ ಫೋನುಗಳಲ್ಲಿ ಫೋಟೊ ತೆಗೆದಾಗ ಬರುವ ಸದ್ದನ್ನು ನಿಲ್ಲಿಸಲಾಗದು. ಕದ್ದು ಫೋಟೊ ತೆಗೆಯಬಾರದು ಅಂತ ಕಂಪನಿಗಳೇ ಮಾಡಿಕೊಂಡ ಕಟ್ಟುಪಾಡು ಇದು, ಕಾನೂನಲ್ಲ. ಆಧುನಿಕ ಸಲಕರಣೆಗಳಿಂದ ಆದಷ್ಟು ದೂರವಿದ್ದು ಸರಳವಾಗಿ ಬದುಕುವ ಅಮೆರಿಕದ ಕ್ರೈಸ್ತ ಪಂಗಡ ಆಮಿಶ್ ಸಮುದಾಯದಲ್ಲಿ ಹಲವರು ಫೋನನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಹೊರಗೆ ಪುಟ್ಟ ಗೂಡು ಕಟ್ಟಿ ಅಲ್ಲಿಟ್ಟರು. ಬೇಕಾದಾಗ ಹೋಗಿ ಮಾತಾಡಿ ಬರುತ್ತಾರೆ. ಮನೆಯೊಳಗಿನ ಮಾತುಕತೆಗೆ ಅದು ಅಡ್ಡ ಬರಬಾರದು, ಅಷ್ಟೇ. ಎಲ್ಲರಿಗೂ ಅಂಥ ಒಗ್ಗಟ್ಟಿರುವುದಿಲ್ಲ, ಒಪ್ಪುತ್ತೇನೆ. ಆದರೆ ಊಟದ ಹೊತ್ತಿಗೆ ಫೋನನ್ನು ಇನ್ನೊಂದು ಕೋಣೆಯಲ್ಲಿ ಬಿಟ್ಟು ಬರಲು ಇಡೀ ಸಮುದಾಯ ಸೇರಬೇಕಾಗಿಲ್ಲ.