ಎಲ್ಲಕ್ಕೂ ಟೂತ್‌ಪೇಸ್ಟ್ ಬೇಡ
ಮನೆಯಲ್ಲೇ ಒಡವೆ ತೊಳೆಯೋ ಬಗ್ಗೆ ಬಂದ ಲೇಖನ ಚೆನ್ನಾಗಿದೆ, ಆದರೆ ಅದರಲ್ಲಿ ಎಲ್ಲ ಒಡವೆಗೂ ಟೂತ್‌ಪೇಸ್ಟ್ ಹಚ್ಚಿ ಉಜ್ಜಿ ಅಂದಿರೋದು ಸರಿಯಿಲ್ಲ. 916 ಚಿನ್ನ (ಅಂದರೆ 22 ಕ್ಯಾರಟ್) ಮೆತ್ತಗಿರುತ್ತೆ, ಪೇಸ್ಟಿನಲ್ಲಿರೋ ಪುಡಿ ಸಣ್ಣ ಸಣ್ಣ ಗೀರು ಬೀಳಿಸುತ್ತೆ. ಬರೀ ಚಿನ್ನದ ಸರ, ಬಳೆಗೆ ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯೋ ಲಿಕ್ವಿಡ್, ಮೆತ್ತನೆ ಬ್ರಷ್ ಸಾಕು. ಅಜ್ಜಿಯರ ಅಂಟುವಾಳದ ನೀರೂ ಆಗುತ್ತೆ.

ಮುತ್ತಿನ ವಿಷಯದಲ್ಲಿ ಮಾತ್ರ ತುಂಬಾ ಹುಷಾರು. ಮುತ್ತು ಅಂದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ನಿಂಬೆರಸ, ವಿನೆಗರ್ ತಾಗಿದರೆ ಮೇಲ್ಪದರವೇ ಕರಗುತ್ತೆ, ಹೋದ ಹೊಳಪು ಮತ್ತೆ ಬರಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ದಾರ ಪೂರ್ತಿ ಆರಿದ ಮೇಲೆ ಎತ್ತಿಡಿ. ಪಚ್ಚೆಗೆ ಬಿಸಿನೀರು ಬೇಡ, ಬಿರುಕು ಕಾಣದಿರಲಿ ಅಂತ ಸಾಮಾನ್ಯವಾಗಿ ಎಣ್ಣೆ ತುಂಬಿರ್ತಾರೆ, ಬಿಸಿಗೆ ಅದು ಹೊರಬರಬಹುದು. ಒಳಗೆ ಅರಗು ತುಂಬಿದ ಹಳೇ ಗುಂಡಿನ ಸರವನ್ನಂತೂ ನೆನೆಸಲೇಬೇಡಿ.

ನಮ್ಮ ಬೆಂಗಳೂರಲ್ಲಿ ಬೋರ್‌ವೆಲ್ ನೀರಿನ ಮನೆಯವರು ಕೊನೆಗೊಮ್ಮೆ ಕುಡಿಯೋ ಆರ್‌ಓ ಫಿಲ್ಟರ್ ನೀರಲ್ಲಿ ಜಾಲಿಸಿ, ಇಲ್ಲದಿದ್ದರೆ ಒಡವೆಯ ಕಲ್ಲಿನ ಮೇಲೆ ಬಿಳಿ ಕಲೆ ಕೂರುತ್ತೆ. ತೊಳೆಯೋದು ಬೋಗುಣಿಯಲ್ಲಿ, ಸಿಂಕಲ್ಲಿ ಅಲ್ಲ (ಓಲೆಯ ತಿರುಪು ಜಾರಿದರೆ ಪ್ಲಂಬರನ್ನೇ ಕರೀಬೇಕು!). ಚಿಕ್ಕಪೇಟೆಗೋ ಗಾಂಧಿ ಬಜಾರಿಗೋ ಪಾಲಿಶ್‌ಗೆ ಒಯ್ದರೆ, ಕೊಡುವ ಮುಂಚೆ ಒಮ್ಮೆ, ವಾಪಸ್ ತಗೊಳ್ಳುವಾಗ ಒಮ್ಮೆ ನಿಮ್ಮೆದುರೇ ತೂಕ ಹಾಕಿಸಿ.