ಸ್ಪಷ್ಟನೆ: ಇಂಗ್ಲಿಷಿನ ‘ಕಟ್’ ನಮ್ಮ ‘ಕತ್ತರಿ’ಯಿಂದ ಹುಟ್ಟಿದ್ದಲ್ಲ

ಮುಂಬಯಿ, ಪುಣೆಯ ಕನ್ನಡ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಸುತ್ತುತ್ತಿದೆ: ‘ನಮ್ಮ ಕತ್ತಿ, ಕತ್ತರಿಯನ್ನು ಕಂಡ ಬ್ರಿಟಿಷರು ಕಟ್ ಎಂಬ ಕ್ರಿಯಾಪದ ಮಾಡಿಕೊಂಡರು.’ ಇದು ತಪ್ಪು.

ಕಾಲವೇ ಹೊಂದುವುದಿಲ್ಲ. ಈಸ್ಟ್ ಇಂಡಿಯಾ ಕಂಪನಿ ಹುಟ್ಟಿದ್ದು 1600ರಲ್ಲಿ. ‘ಕಟ್’ ಇಂಗ್ಲಿಷ್ ಬರಹದಲ್ಲಿ ಸುಮಾರು 1300ರ ಹೊತ್ತಿಗೇ ಸಿಗುತ್ತದೆ. ಅದಕ್ಕೂ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಈ ಪದ ಕಾಣುವುದಿಲ್ಲ. ಆಗ ಕೊಯ್ಯುವುದಕ್ಕೆ ಇದ್ದದ್ದು ಇಂದಿನ ‘ಕಾರ್ವ್’, ‘ಶಿಯರ್’ಗಳ ಪೂರ್ವರೂಪಗಳು. ‘ಕಟ್’ ಬಹುಶಃ ಸ್ಕ್ಯಾಂಡಿನೇವಿಯಾದ ಕಡೆಯದು: ಐಸ್‌ಲ್ಯಾಂಡಿನ ಭಾಷೆಯಲ್ಲಿ ‘ಕುಟಿ’ ಎಂದರೆ ಸಣ್ಣ ಚಾಕು.

ನಮ್ಮ ಪದಗಳೂ ಒಂದೇ ಮನೆಯವಲ್ಲ. ‘ಕತ್ತಿ’ ದ್ರಾವಿಡ, ತಮಿಳಿನಲ್ಲೂ ಇದೆ. ‘ಕತ್ತರಿ’ ಸಂಸ್ಕೃತದ ‘ಕರ್ತರಿ’ಯ ತದ್ಭವ. ತಮಾಷೆಯೆಂದರೆ, ‘ಕರ್ತರಿ’ಗೆ ಇಂಗ್ಲಿಷಿನಲ್ಲಿ ನಿಜವಾದ ನೆಂಟ ಇದ್ದಾನೆ, ಅವನು ‘ಕಟ್’ ಅಲ್ಲ, ಕುರಿಯ ಉಣ್ಣೆ ಕತ್ತರಿಸುವ ‘ಶಿಯರ್’. ಎರಡೂ ಒಂದೇ ಇಂಡೋ-ಯುರೋಪಿಯನ್ (ಸಂಸ್ಕೃತ, ಇಂಗ್ಲಿಷ್ ಎರಡೂ ಸೇರಿದ ಭಾಷಾಕುಟುಂಬ) ಧಾತುವಿನಿಂದ ಬಂದವು. ಕಿವಿಗೆ ಒಂದೇ ಥರ ಕೇಳಿಸಿದ್ದು ನೆಂಟಸ್ತನಕ್ಕೆ ಸಾಕ್ಷಿಯಲ್ಲ.

‘ಕಟ್‌ಗೆ ಭೂತಕಾಲವಿಲ್ಲ, ಅದು ಎರವಲೆಂಬುದಕ್ಕೆ ಇದೇ ಗುರುತು’ ಎಂಬ ಸಾಲೂ ಆ ಸಂದೇಶದಲ್ಲಿದೆ. ಭೂತಕಾಲ ಇದೆ, ರೂಪ ಬದಲಾಗುವುದಿಲ್ಲ ಅಷ್ಟೆ. ಧಾತುವಿನ ಕೊನೆಯ ‘ಟ್’ ಜೊತೆ ಭೂತಕಾಲದ ಪ್ರತ್ಯಯ ಕರಗಿಹೋಗಿದೆ. ‘ಹಿಟ್’, ‘ಸೆಟ್’, ‘ಪುಟ್’ ಕೂಡ ಹೀಗೆಯೇ.

ಅರ್ಥವೂ ಕೊಯ್ಯುವುದಕ್ಕೇ ನಿಂತಿಲ್ಲ: ಇಸ್ಪೀಟು ಕಟ್, ಸಂಬಳದಲ್ಲಿ ಕಟ್, ಫೋನ್ ಕಟ್. ಅರ್ಧ ಗ್ಲಾಸಿನ ‘ಕಟಿಂಗ್ ಚಾಯ್’ ಮಾತ್ರ ಅಪ್ಪಟ ಮುಂಬಯಿಯದು.

ಆ ಸಂದೇಶವನ್ನು ದಯವಿಟ್ಟು ಮುಂದೆ ಕಳಿಸಬೇಡಿ. ಕಳಿಸಿದ್ದರೆ ಅದೇ ಗುಂಪಿನಲ್ಲಿ ಇದನ್ನೂ ಹಾಕಿ.