ಬೆಳಿಗ್ಗೆ ಎಂಟು ಯಾರಿಗೆ?

ಕಾರ್ಟಿಸಾಲ್ ಅನ್ನೋ ಹಾರ್ಮೋನಿನ ಟೆಸ್ಟಿಗೆ ಬೆಳಿಗ್ಗೆ ಎಂಟರ ಸುಮಾರಿಗೆ ಬನ್ನಿ ಅಂತಾರೆ. ರಾತ್ರಿ ಮಲಗಿ ಬೆಳಿಗ್ಗೆ ಏಳೋರಿಗೆ ಸರಿ; ಆ ಹೊತ್ತಿಗೆ ಅದು ಏರಿರುತ್ತೆ, ನಡುರಾತ್ರಿ ತೀರಾ ಇಳಿದಿರುತ್ತೆ. ಮಾನ್ಯತಾ ಟೆಕ್ ಪಾರ್ಕಲ್ಲಿ ಅಮೆರಿಕದ ಶಿಫ್ಟ್ ಮುಗಿಸಿ ಬರೋರ ಕಥೆ ಏನು?

ಮೊನ್ನೆ ನಮ್ಮ ಏರಿಯಾದ ಲ್ಯಾಬಲ್ಲಿ ಅಂಥ ಒಬ್ಬ ಹುಡುಗ ಕೂತಿದ್ದ, ಕೊರಳಲ್ಲಿ ಐಡಿ ಕಾರ್ಡ್ ಇನ್ನೂ ನೇತಾಡ್ತಿತ್ತು. "ಖಾಲಿ ಹೊಟ್ಟೆ ತಾನೇ ಸರ್?" "ರಾತ್ರಿ ಎರಡಕ್ಕೆ ಊಟ ಮಾಡಿದ್ದೆ ಮೇಡಂ." ರಕ್ತ ತೆಗೆಯೋ ಆಕೆ ಬೆರಳು ಮಡಚಿ ಎಣಿಸಿ, "ಪರವಾಗಿಲ್ಲ ಬಿಡಿ" ಅಂದು ಟ್ಯೂಬಿನ ಮೇಲೆ 8.10 ಅಂತ ಬರೆದರು. ಮಲಗಿದ್ದು ಯಾವಾಗ ಅಂತ ಕೇಳಲೇ ಇಲ್ಲ.

ಹಗಲು ಮಲಗ್ತಾನೆ, ಅವನಿಗೆ ಎಲ್ಲ ಉಲ್ಟಾ ಅಂತ ಲೆಕ್ಕ ಹಾಕಿಬಿಡಬಹುದಲ್ವಾ? ಅದೂ ಆಗಲ್ಲ. ಮನೆಗೆ ಬರೋ ದಾರೀಲಿ ಹೆಬ್ಬಾಳ ಫ್ಲೈಓವರ್ ಮೇಲೆ ಕ್ಯಾಬಿನ ಕಿಟಕಿಯಿಂದ ಬಿಸಿಲು ಕಣ್ಣಿಗೆ ಹೊಡೆಯುತ್ತೆ, ಮಿದುಳಿನ ಗಡಿಯಾರ ಅದನ್ನೇ ಬೆಳಗು ಅಂತ ತಿಳಿಯುತ್ತೆ. ರಜಾ ದಿನ ಮನೆಯವರ ಜೊತೆ ರಾತ್ರಿ ನಿದ್ದೆ. ಹೀಗಾಗಿ ಗಡಿಯಾರ ಅರ್ಧಂಬರ್ಧ ತಿರುಗಿ ಎಲ್ಲೋ ನಡುವೆ ನಿಂತಿರುತ್ತೆ, ಒಬ್ಬೊಬ್ಬರದು ಒಂದೊಂದು ಕಡೆ.

ಅಳೆದೇ ನೋಡಬೇಕು. ಹಳೇ ವಿಧಾನದಲ್ಲಿ ಸಂಜೆಯಿಂದ ಮಬ್ಬು ಬೆಳಕಲ್ಲಿ ಕೂರಿಸಿ, ಅರ್ಧ ಗಂಟೆಗೋ ಗಂಟೆಗೋ ಒಮ್ಮೆ ಜೊಲ್ಲು ತೆಗೆದು, ರಾತ್ರಿಯಾಯ್ತು ಅಂತ ದೇಹಕ್ಕೆ ಹೇಳೋ ಮೆಲಟೋನಿನ್ ಹಾರ್ಮೋನು ಯಾವಾಗ ಏರುತ್ತೆ ಅಂತ ಹಿಡೀತಾರೆ. ನಿಖರ, ಆದ್ರೆ ಯಾರಿಗಿದೆ ಅಷ್ಟು ಪುರುಸೊತ್ತು? 2018ರಲ್ಲಿ ಬರ್ಲಿನ್‌ನ ಶಾರಿಟೆ ಆಸ್ಪತ್ರೆಯ ಆಖಿಮ್ ಕ್ರಾಮರ್ ತಂಡ, ಒಂದೇ ಸಲ ತೆಗೆದ ರಕ್ತದ ಬಿಳಿ ಕಣಗಳಲ್ಲಿ ಹನ್ನೆರಡು ಜೀನ್‌ಗಳ ಚಟುವಟಿಕೆ ನೋಡಿ ದೇಹದ ಹೊತ್ತು ಅಂದಾಜು ಮಾಡೋದನ್ನು ತೋರಿಸಿತು. ಅದೇ ವರ್ಷ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು ಎರಡು ಸಲದ ರಕ್ತ, ಸುಮಾರು ನಲವತ್ತು ಜೀನ್‌ ಇಟ್ಟುಕೊಂಡು ಇನ್ನೊಂದು ದಾರಿ ಹುಡುಕಿದರು. ನಮ್ಮ ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲೂ ಹಣ್ಣಿನ ನೊಣಗಳ ದೇಹ ಗಡಿಯಾರದ ಮೇಲೆ ವರ್ಷಗಟ್ಟಲೆ ಕೆಲಸ ನಡೆದಿದೆ. (ಮಾನ್ಯತಾದಿಂದ ಅದೇನು ದೂರವಿಲ್ಲ. ನೊಣ ಯಾವಾಗ ಮಲಗ್ತು ಅಂತ ಅಲ್ಲಿ ಬರೆದಿಟ್ಟುಕೊಳ್ತಾರೆ!)

ದೇಹದ ಹೊತ್ತು ಹೇಳೋ ಈ ರಕ್ತದ ಟೆಸ್ಟ್ ಮಾಮೂಲಿ ಲ್ಯಾಬಿಗೂ ಬರಲಿ ಅನ್ನೋನೇ ನಾನು. ಆದ್ರೆ ಕಂಪನಿಯ ಹೆಲ್ತ್ ಕ್ಯಾಂಪ್ ಮೂಲಕ ಮಾತ್ರ ಬೇಡ. "ನಿಮ್ಮ ಬಾಡಿ ನೈಟಿಗೇ ಹೇಳಿ ಮಾಡಿಸಿದ ಹಾಗಿದೆ" ಅಂತ ಎಚ್‌ಆರ್‌ನವರು ರಿಪೋರ್ಟ್ ತೋರಿಸಿ ಇನ್ನೊಂದು ವರ್ಷ ಅದೇ ಶಿಫ್ಟಿಗೆ ಹಾಕಿದ್ರೆ ಯಾರನ್ನ ಕೇಳೋದು? ರಿಪೋರ್ಟ್ ರಕ್ತ ಕೊಟ್ಟವನ ಕೈಗೆ, ಅವನ ಡಾಕ್ಟರ ಕೈಗೆ, ಅಷ್ಟೇ.

ಆ ಟೆಸ್ಟ್ ಬರೋ ತನಕ ಲ್ಯಾಬ್ ಫಾರಮ್ಮಲ್ಲಿ ಎರಡು ಗೆರೆ ಸೇರಿಸಲಿ: ಯಾವ ಶಿಫ್ಟು, ಕೊನೇ ಸಲ ಮಲಗಿ ಎದ್ದದ್ದು ಯಾವಾಗ. ಕಾಸು ಖರ್ಚಿಲ್ಲ. ಅವರು ಕೇಳದಿದ್ರೆ, ಡಾಕ್ಟ್ರು ರಿಪೋರ್ಟ್ ಕೈಗೆತ್ತಿಕೊಳ್ಳೋ ಮೊದಲೇ ನೀವೇ ಹೇಳಿಬಿಡಿ, ನೈಟ್ ಶಿಫ್ಟ್ ಮಾಡ್ತಿದ್ದೀನಿ ಅಂತ.